ಹೊಸದಕ್ಕೆ ಕಾಯುವುದೋ, ಸೆಕೆಂಡ್ ಹ್ಯಾಂಡ್ ತರುವುದೋ, ಹಳೆಯದನ್ನೇ ಓಡಿಸುವುದೋ: ಕಾರು ಸಿಗದ ಕಾಲದ ಲೆಕ್ಕ

ಕಾರು ಸಿಗದ ಕಾಲದಲ್ಲಿ ಷೋರೂಮಿನ ಬೆಲೆಪಟ್ಟಿ ನೋಡಿ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ. ನೋಡಬೇಕಾದ್ದು ಒಂದೇ: ಮುಂದಿನ ಎರಡು ವರ್ಷ ಮನೆಯ ಓಡಾಟ ನಿಲ್ಲದೆ ಸಾಗಲು ಯಾವ ದಾರಿಗೆ ಎಷ್ಟು ಖರ್ಚು ಬೀಳುತ್ತದೆ? 2021–22ರ ಚಿಪ್ ಕೊರತೆಯಲ್ಲಿ ಮೂರು ದಾರಿಗಳನ್ನೂ ವರ್ಕ್‌ಶಾಪಿನ ಕಡೆಯಿಂದಲೂ ಕೊಳ್ಳುವವರ ಕಡೆಯಿಂದಲೂ ನೋಡಿದ ಮೇಲೆ ನಮ್ಮ ತೀರ್ಮಾನ ಇದು: ಇಂಜಿನ್, ಗೇರ್‌ಬಾಕ್ಸ್, ತಳಭಾಗ ಮೂರೂ ಗಟ್ಟಿಯಿದ್ದರೆ ಹಳೆಯದೇ ಅಗ್ಗ. ಇಲ್ಲದಿದ್ದರೆ ಹೊಸದಕ್ಕೆ ಬುಕ್ ಮಾಡಿ ಕಾಯುವುದು. ಸೆಕೆಂಡ್ ಹ್ಯಾಂಡ್ ಕೊನೆಗೆ, ಬೇರೆ ಗತಿಯೇ ಇಲ್ಲದಾಗ. ಮಾಮೂಲಿ ಕಾಲದಲ್ಲಿ ನಾವೇ ಇದಕ್ಕೆ ತದ್ವಿರುದ್ಧ ಹೇಳುತ್ತೇವೆ, ಅದು ಬೇರೆ ಮಾತು.

ಆಗ ಆದದ್ದೇನು? 2020ರ ಲಾಕ್‌ಡೌನ್‌ನಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್‌ಗಳನ್ನು ಕಡಿತ ಮಾಡಿದವು. ಚಿಪ್ ತಯಾರಕರು ಲ್ಯಾಪ್‌ಟಾಪ್, ಫೋನುಗಳ ಕಡೆ ತಿರುಗಿದರು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಚಳಿಗೆ ಅಲ್ಲಿನ ಚಿಪ್ ಘಟಕಗಳು ನಿಂತವು, ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು, ಆಮೇಲೆ ಮಲೇಷ್ಯಾದ ಲಾಕ್‌ಡೌನ್. 2021ರ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿಯ ಹರಿಯಾಣ, ಗುಜರಾತ್ ಘಟಕಗಳ ಉತ್ಪಾದನೆ ಎಂದಿನದರ ಶೇ. 40ರ ಆಸುಪಾಸಿಗೆ ಇಳಿಯಿತು. ಮರುತಿಂಗಳು ಮಹೀಂದ್ರ ಎಕ್ಸ್‌ಯುವಿ700ಗೆ 57 ನಿಮಿಷದಲ್ಲಿ 25,000 ಬುಕಿಂಗ್ ಬಂತು. ಕೆಲವು ವೇರಿಯಂಟ್‌ಗಳಿಗೆ ಕಾಯುವಿಕೆ ವರ್ಷ ದಾಟಿತು. ಇದೆಲ್ಲ ಮುಗಿದ ಕತೆ ಎನ್ನುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರ್ ಮ್ಯಾಗ್ನೆಟ್‌ಗಳ ರಫ್ತಿಗೆ ಕಡಿವಾಣ ಹಾಕಿದಾಗ ಎಲೆಕ್ಟ್ರಿಕ್ ಗಾಡಿಗಳಿಗೆ ಇದೇ ಬಿಸಿ ತಟ್ಟಿತು.

ಹಳೆಯದನ್ನು ಇಟ್ಟುಕೊಳ್ಳುವುದು

ಮೊದಲು ಗಾಡಿ ಯೋಗ್ಯವೇ ಎಂದು ತಿಳಿಯಬೇಕು. ಅದಕ್ಕೆ ಅರ್ಧ ದಿನ ಸಾಕು. ಪೆಟ್ರೋಲ್ ಇಂಜಿನ್ ಆದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಇಂಜಿನ್ ಬಿಸಿಯಿರಬೇಕು, ಸ್ಪಾರ್ಕ್ ಪ್ಲಗ್ ಎಲ್ಲವೂ ಹೊರಗಿರಬೇಕು, ಫ್ಯೂಯಲ್ ಪಂಪ್ ಫ್ಯೂಸ್ ಕಿತ್ತಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ನೋಡಬೇಕಾದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಶೇ. 10–15ಕ್ಕಿಂತ ಹೆಚ್ಚಿದ್ದರೆ ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ರಿಂಗ್ ಕೆಲಸವೆಂದರೆ ಇಂಜಿನ್ ಬಿಚ್ಚಬೇಕು. ಅಲ್ಲಿಗೆ ಹಳೆಯದನ್ನು ಇಟ್ಟುಕೊಳ್ಳುವ ಲೆಕ್ಕ ಬಹುಮಟ್ಟಿಗೆ ಮುಗಿಯಿತು.

ಎರಡನೆಯದು ತಳಭಾಗ. ಬಯಲುಸೀಮೆಯ ಹತ್ತು ವರ್ಷದ ಕಾರಿಗೂ ಮಂಗಳೂರು, ಉಡುಪಿ, ಕಾರವಾರದ ಹತ್ತು ವರ್ಷದ ಕಾರಿಗೂ ಅಜಗಜಾಂತರ. ಲಿಫ್ಟ್ ಮೇಲೆ ಏರಿಸಿ ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಗೂಡಿನ ಒಳಭಾಗ, ಸಸ್ಪೆನ್ಷನ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ಸರಿ, ಮಂಕು ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ. ಮೇಲೊಂದು ಕೋಟಿಂಗ್ ಬಳಿಸಿದರೆ ತುಕ್ಕು ನಿಲ್ಲುವುದಿಲ್ಲ, ಅದರಡಿಯಲ್ಲೇ ಬೆಳೆಯುತ್ತದೆ. ಸಸ್ಪೆನ್ಷನ್ ಕೂರುವ ಜಾಗದಲ್ಲೇ ತುಕ್ಕಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿ ಬೇಡ.

ಇವೆರಡೂ ಪಾಸಾಗಿ ಗೇರ್‌ಬಾಕ್ಸೂ ಗಟ್ಟಿಯಿದ್ದರೆ ಉಳಿದದ್ದು ಖರ್ಚಿನ ಮಾತು ಮಾತ್ರ. ಹಳೆಯ ಕಾರು ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ರಬ್ಬರಿನಿಂದ. ಕೂಲೆಂಟ್ ಹೋಸ್, ಫ್ಯಾನ್ ಬೆಲ್ಟ್, ಎಕ್ಸಲ್ ಬೂಟ್, ಲೋವರ್ ಆರ್ಮ್ ಬುಷ್ ಇವು ಕಿಲೋಮೀಟರ್‌ಗಿಂತ ವಯಸ್ಸಿಗೆ ಸಾಯುತ್ತವೆ. ಹಳೆಯ ಹೋಸನ್ನು ಹಿಡಿದು ಅದುಮಿದಾಗ ಹಪ್ಪಳದಂತೆ ಚಟಚಟ ಎಂದರೆ ಅಂದೇ ಬದಲಿಸಿ. ಅದು ಒಡೆದರೆ ಕೂಲೆಂಟ್ ಖಾಲಿ, ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೆಲವು ನೂರರ ಹೋಸ್ ಹತ್ತಾರು ಸಾವಿರಕ್ಕೆ ಬರೆ ಹಾಕುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆಗಿದ್ದು, ಬೆಲ್ಟ್ ಯಾವಾಗ ಹಾಕಿದ್ದು ಎಂಬ ಬಿಲ್ ಸಿಗದಿದ್ದರೆ, ಟೆನ್ಷನರ್ ಮತ್ತು ವಾಟರ್ ಪಂಪ್ ಸಮೇತ ಹೊಸದು ಹಾಕಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿ ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಬೇಕು. ಟೈರ್ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಗ್ರಿಪ್ ಎಷ್ಟೇ ಉಳಿದಿರಲಿ, ಬದಲಿಸಿ.

ಸಣ್ಣ ಪೆಟ್ರೋಲ್ ಕಾರಿಗೆ ಕ್ಲಚ್ ಸೆಟ್, ಸಸ್ಪೆನ್ಷನ್ ಬುಷ್ ಮತ್ತು ಶಾಕ್ ಅಬ್ಸಾರ್ಬರ್, ನಾಲ್ಕು ಟೈರ್, ಬ್ಯಾಟರಿ, ಹೋಸ್‌ಗಳು ಎಲ್ಲ ಸೇರಿ ಹೊರಗಿನ ಒಳ್ಳೆಯ ಗ್ಯಾರೇಜಿನಲ್ಲಿ ಅಂದಾಜು 50,000ದಿಂದ 65,000 ರೂಪಾಯಿ. ಎಲ್ಲವೂ ಒಟ್ಟಿಗೆ ಬರುವುದು ಅಪರೂಪ. ಬಂದರೂ ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಹೆಚ್ಚೆಂದರೆ ಸುಮಾರು 2,700. ಹೊಸ ಕಾರಿನ ಕಂತಿನ ಕಾಲು ಭಾಗಕ್ಕೂ ಇದು ಕಡಿಮೆ.

ಹದಿನೈದು ವರ್ಷ ಹತ್ತಿರವಾಗಿದ್ದರೆ ಆರ್‌ಸಿ ರಿನ್ಯೂವಲ್ ಕೂಡ ಲೆಕ್ಕಕ್ಕೆ ಬರುತ್ತದೆ. 2022ರ ಏಪ್ರಿಲ್ 1ರಿಂದ ಕಾರಿನ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ತಡ ಮಾಡಿದರೆ ತಿಂಗಳಿಗೆ 500 ಹೆಚ್ಚುವರಿ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ಪಾಸಾದರೆ ಐದು ವರ್ಷ ನಿಶ್ಚಿಂತೆ.

ಒಂದೇ ಅಪಾಯ ಎಲೆಕ್ಟ್ರಾನಿಕ್ಸ್. ಚಿಪ್ ಕೊರತೆ ಬಿಡಿಭಾಗಗಳಿಗೂ ತಟ್ಟುತ್ತದೆ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಹೋದರೆ ಹೊಸದು ಬರುವವರೆಗೆ ಕಾರು ಕದಲುವುದಿಲ್ಲ. ಗುಜರಿಯಿಂದ ತಂದ ಇಸಿಯು ಇಮ್ಮೊಬಿಲೈಸರ್‌ಗೆ (ಕೀ ಗುರುತಿಸಿ ಕಳವು ತಡೆಯುವ ವ್ಯವಸ್ಥೆ) ಹೊಂದಿಸದೆ ಸ್ಟಾರ್ಟೇ ಆಗದು. ಹಾಗಾಗಿ ಇಂಜಿನ್ ಬೇ ತೊಳೆಯುವಾಗ ಪ್ರೆಷರ್ ಪೈಪನ್ನು ಆ ಪೆಟ್ಟಿಗೆಯ ಹತ್ತಿರ ಬಿಡಬೇಡಿ.

ಬುಕ್ ಮಾಡಿ ಕಾಯುವುದು

ಕಾಯುವಾಗಿನ ದೊಡ್ಡ ಏಟು ಬೀಳುವುದು ಬೆಲೆ ಏರಿಕೆಯಿಂದ. ಸಾಮಾನ್ಯವಾಗಿ ಬುಕಿಂಗ್ ದಿನದ ಬೆಲೆಗಲ್ಲ, ಡೆಲಿವರಿ ದಿನದ ಬೆಲೆಗೆ ಬಿಲ್ ಆಗುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಬಾಲವಿದೆ. ಇಲ್ಲಿನ ಜೀವಿತಾವಧಿ ತೆರಿಗೆ 5 ಲಕ್ಷ ದಾಟಿ 10 ಲಕ್ಷದವರೆಗೆ ಶೇ. 14, ಅದು ದಾಟಿದರೆ 20 ಲಕ್ಷದವರೆಗೆ ಶೇ. 17, ತೆರಿಗೆಯ ಮೇಲೆ ಶೇ. 11 ಸೆಸ್. 9.90 ಲಕ್ಷದ ಕಾರಿಗೆ ಸೆಸ್ ಸೇರಿ 1,53,846 ರೂಪಾಯಿ. ಕಾಯುತ್ತಿರುವಾಗ ಕಂಪನಿ ಬರೀ 15,000 ಏರಿಸಿ 10.05 ಲಕ್ಷ ಮಾಡಿತೆನ್ನಿ, ತೆರಿಗೆ 1,89,643 ಆಗುತ್ತದೆ. ಹದಿನೈದು ಸಾವಿರದ ಏರಿಕೆ ಜೇಬಿಗೆ 50,000 ದಾಟುತ್ತದೆ. ಆದ್ದರಿಂದ ಗೆರೆಯ ಹತ್ತಿರದ ವೇರಿಯಂಟ್ ಬುಕ್ ಮಾಡುವುದಿದ್ದರೆ ಒಂದು ಮೆಟ್ಟಿಲು ಕೆಳಗಿನದನ್ನು ಹಿಡಿಯಿರಿ. ಸನ್‌ರೂಫ್, ದೊಡ್ಡ ಸ್ಕ್ರೀನ್ ಇಲ್ಲದವು ಎಷ್ಟೋ ಮಾಡೆಲ್‌ಗಳಲ್ಲಿ ಬೇಗವೂ ಸಿಗುತ್ತವೆ, ಚಿಪ್ ಕಡಿಮೆ ಬೇಕಲ್ಲ.

ಸಾಲದ ಬಡ್ಡಿಯೂ ಕಾಯುವವರಿಗಾಗಿ ನಿಂತಿರುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಶೇ. 4ರಿಂದ 6.5ಕ್ಕೆ ಏರಿಸಿತು. 8 ಲಕ್ಷಕ್ಕೆ 7 ವರ್ಷದ ಸಾಲ ಶೇ. 7.5ರಲ್ಲಿ ತಿಂಗಳಿಗೆ ಸುಮಾರು 12,270, ಶೇ. 9ರಲ್ಲಿ 12,870. ಒಟ್ಟು ವ್ಯತ್ಯಾಸ ಸುಮಾರು 50,000.

ಬುಕ್ ಮಾಡುವಾಗ ರಸೀದಿ ಮಾತ್ರ ನಂಬಬೇಡಿ. ಕಂಪನಿಯ ವ್ಯವಸ್ಥೆಯಲ್ಲಿ ನಿಮ್ಮ ಹೆಸರು, ಮೊಬೈಲ್ ನಂಬರ್ ಸಮೇತ ಆರ್ಡರ್ ನಂಬರ್ ಎದ್ದಿರಬೇಕು. ಇಲ್ಲದಿದ್ದರೆ ನಿಮ್ಮ ಸರದಿ ಸೇಲ್ಸ್‌ನವರ ಡೈರಿಯಲ್ಲಷ್ಟೇ ಇರುತ್ತದೆ. ಬಣ್ಣ ಅಥವಾ ವೇರಿಯಂಟ್ ಬದಲಿಸಿದರೆ ಸರದಿ ಉಳಿಯುತ್ತದೋ ಹೊಸದಾಗಿ ಶುರುವಾಗುತ್ತದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಆಕ್ಸೆಸರಿ ಪ್ಯಾಕ್ ಕೊಂಡರೆ ಬೇಗ ಅಲಾಟ್ ಮಾಡುತ್ತೇವೆ ಎಂದರೆ ಅದನ್ನೂ ಕಾರಿನ ಬೆಲೆಗೇ ಸೇರಿಸಿ ಹೋಲಿಸಿ. ಇನ್ಶೂರೆನ್ಸ್ ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನೇನೂ ಇಲ್ಲ.

ಸೆಕೆಂಡ್ ಹ್ಯಾಂಡ್

ಹೊಸದು ಸಿಗದಾಗ ಎಲ್ಲರೂ ನುಗ್ಗುವುದು ಇಲ್ಲಿಗೆ, ಅದಕ್ಕೇ ಬೆಲೆ ಏರುವುದು. ಬಜಾಜ್ ಚೇತಕ್‌ಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲೂ ಷೋರೂಮಿನಿಂದ ಬಂದ ಸ್ಕೂಟರ್ ಪ್ರೀಮಿಯಂ ಸೇರಿಸಿಕೊಂಡೇ ಕೈ ಬದಲಾಗುತ್ತಿತ್ತು. "ನನ್ನ ಹಳೆಯದಕ್ಕೂ ಒಳ್ಳೇ ರೇಟು ಸಿಗುತ್ತದಲ್ಲ" ಎನ್ನುವವರು ಈ ಲೆಕ್ಕ ನೋಡಿ. ಮಾರುಕಟ್ಟೆ ಒಟ್ಟಾರೆ ಶೇ. 20 ಏರಿದೆ ಎಂದುಕೊಳ್ಳಿ. ನಿಮ್ಮ 2 ಲಕ್ಷದ ಕಾರು 2.4 ಆಯಿತು, ಕೊಳ್ಳಬೇಕೆಂದಿದ್ದ 5 ಲಕ್ಷದ್ದು 6 ಆಯಿತು. ಮೊದಲು ಕೈಯಿಂದ ಹಾಕಬೇಕಿದ್ದದ್ದು 3 ಲಕ್ಷ, ಈಗ 3.6. ಏರಿದ ರೇಟಿನ ಲಾಭ ಸಿಗುವುದು ಎರಡು ಕಾರಿದ್ದು ಒಂದನ್ನು ಮಾರುವವರಿಗೆ ಮಾತ್ರ.

ಇದಕ್ಕಿಂತ ಕಡಿಮೆ ಜನ ಗಮನಿಸುವುದು ಇನ್ಶೂರೆನ್ಸ್. ಪಾಲಿಸಿಯ ಐಡಿವಿ (ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಮೊತ್ತ) ಮಾರುಕಟ್ಟೆಯ ಜೊತೆ ಏರುವುದಿಲ್ಲ. ಮೂರು ದಾಟಿ ನಾಲ್ಕು ವರ್ಷದೊಳಗಿನ ಕಾರಿಗೆ ಸವಕಳಿ ಶೇ. 40. ಹೊಸತಕ್ಕೆ 8 ಲಕ್ಷವಿರುವ ಮಾಡೆಲ್ ಆದರೆ ಐಡಿವಿ 4.8 ಲಕ್ಷ. ನೀವು ಅದನ್ನು 6 ಲಕ್ಷಕ್ಕೆ ತಂದು, ಮರುತಿಂಗಳು ಕಳುವಾದರೆ 1.2 ಲಕ್ಷ ಹೋದಂತೆಯೇ.

ತೆಗೆದುಕೊಳ್ಳಲೇಬೇಕಾದರೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ; ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಪೇಂಟ್ ಗೇಜ್‌ನಲ್ಲಿ ಕಂಪನಿ ಪೇಂಟ್ ಸುಮಾರು 90ರಿಂದ 150 ಮೈಕ್ರಾನ್ ತೋರಿಸುತ್ತದೆ. 200 ದಾಟಿದರೆ ಮರುಪೇಂಟ್, 500 ದಾಟಿದರೆ ಕೆಳಗೆ ಪುಟ್ಟಿ. ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿದಾಗ ಎರರ್ ಕೋಡ್ ಇಲ್ಲದಿದ್ದರೂ ಮಾನಿಟರ್‌ಗಳು (ಕಾರಿನ ಸ್ವಯಂ ತಪಾಸಣೆಗಳು) "ರೆಡಿ" ಆಗಿಲ್ಲವೆಂದರೆ ಯಾರೋ ಇದೀಗ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಿತ್ತಿದ್ದಾರೆ.

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನೀರು ನಿಂತು ಎಷ್ಟೋ ಕಾರುಗಳು ಮುಳುಗಿದವು. ಮುಳುಗಿದ ಕಾರು ಸಾಲ್ವೇಜ್ (ಹಾಳಾದ ಗಾಡಿಗಳ) ಹರಾಜಿನ ಮೂಲಕ ಮತ್ತೆ ರಸ್ತೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಪಾಲಿಷ್ ಮಾಡುವವರು ಎದ್ದು ಕಾಣುವ ಒಂದು ಮೊಳವನ್ನು ತೊಳೆದಿರುತ್ತಾರೆ. ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸೀಟಿನ ಹಳಿಗಳ ಬೋಲ್ಟ್ ತುಕ್ಕು, ಫ್ಯೂಸ್ ಬಾಕ್ಸ್ ಪಿನ್‌ಗಳ ಹಸಿರು, ಸ್ಟೆಪ್ನಿ ಗುಂಡಿಯ ಹೂಳು ಇವೂ ಅದೇ ಕತೆ ಹೇಳುತ್ತವೆ. ಇಂಥ ಕಾರು ಎಷ್ಟೇ ಅಗ್ಗವಾಗಲಿ, ಮುಟ್ಟಬೇಡಿ. ವೈರಿಂಗ್ ಕನೆಕ್ಟರ್‌ಗಳು ವರ್ಷದ ಮೇಲೆ ಒಂದೊಂದಾಗಿ ಕೊಳೆಯುತ್ತವೆ.

ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧಗಳಿಂದ ಅಲ್ಲಿನ ಹಳೆಯ ಕಾರುಗಳು ಕಡಿಮೆ ಬೆಲೆಗೆ ಕಾಣುವುದುಂಟು. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಗಣೆ, ಇಲ್ಲಿನ ತೆರಿಗೆ ಸೇರಿಸಿದರೆ ಉಳಿತಾಯ ಬಹುಪಾಲು ಕರಗುತ್ತದೆ. ಸಬ್‌ಸ್ಕ್ರಿಪ್ಷನ್ ಕಾರು (ತಿಂಗಳ ಬಾಡಿಗೆಗೆ ಸಿಗುವುದು) ಆರು ತಿಂಗಳ ತುರ್ತಿಗೆ ಸರಿ, ಎರಡು ವರ್ಷಕ್ಕೆ ದುಬಾರಿ.

ಹೆಸರು ಬದಲಾವಣೆಯ ಕಾಗದ ಪತ್ರ: ಫಾರಂ 29 ಎರಡು ಪ್ರತಿ, ಫಾರಂ 30, ಸಾಲವಿದ್ದರೆ ಬ್ಯಾಂಕ್ ಎನ್‌ಒಸಿ ಜೊತೆ ಫಾರಂ 35, ದಂಡ ಬಾಕಿ ಇದೆಯೇ ಎಂಬ ಪರಿಶೀಲನೆ. ಕೊಂಡ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಮಾರುವವರು ನೀವಾದರೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಉಳಿಸಿಕೊಳ್ಳುವ ಪತ್ರ ಕೇಳಿ ಪಡೆಯಿರಿ. ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಶೇ. 50 ಎನ್‌ಸಿಬಿ ಇದ್ದವರಿಗೆ ಹೊಸ ಕಾರಿನ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂ ಮೊದಲ ವರ್ಷವೇ ಅರ್ಧಕ್ಕೆ ಇಳಿಯುತ್ತದೆ, ಆದರೆ ಡೀಲರ್ ಕೋಟ್‌ನಲ್ಲಿ ಅದನ್ನು ತಾವಾಗಿ ಹಾಕಿರುವುದಿಲ್ಲ, ನೀವೇ ಕೇಳಿ ಕಳೆಯಿಸಬೇಕು.