ಹೈಕ್ (ಸಂಬಳ ಏರಿಕೆ) ಕೇಳುವ ಮುನ್ನ ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್: ಎಷ್ಟು ನಂಬಬಹುದು?

ಅಪ್ರೈಸಲ್ (ವರ್ಷದ ಕೆಲಸದ ಮೌಲ್ಯಮಾಪನ) ಹತ್ತಿರ ಬಂತೆಂದರೆ ಬೆಂಗಳೂರಿನ ಐಟಿ ಮಂದಿಯ ಮೊಬೈಲಿನಲ್ಲಿ ಈ ಎರಡು ತಾಣಗಳು ತೆರೆದೇ ಇರುತ್ತವೆ. ಪಕ್ಕದ ಕಂಪನಿಯಲ್ಲಿ ಇದೇ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಅಂತ ಯಾರ ಹತ್ತಿರವೂ ಬಾಯಿಬಿಡದೆ ತಿಳಿದುಕೊಳ್ಳಬಹುದಲ್ಲ! ದುಡ್ಡು ಕೊಡಬೇಕಿಲ್ಲ. ಗ್ಲಾಸ್‌ಡೋರ್ ಮಾತ್ರ ನಿಮ್ಮ ಸಂಬಳವನ್ನೋ ಕಂಪನಿಯ ವಿಮರ್ಶೆಯನ್ನೋ ಬರೆಸಿಕೊಂಡ ಮೇಲೆಯೇ ಪೂರ್ತಿ ಬಾಗಿಲು ತೆರೆಯುವುದು.

ಆಂಬಿಷನ್‌ಬಾಕ್ಸ್ ಉದ್ಯೋಗ ತಾಣ ನೌಕ್ರಿಯ ಮಾಲೀಕರಾದ ಇನ್ಫೋ ಎಡ್ಜ್‌ನದ್ದು. ಇಲ್ಲಿನ ಸರ್ವಿಸ್ ಕಂಪನಿಗಳ (ಬೇರೆಯವರಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವವು) ಮಾಹಿತಿ ಅದರಲ್ಲಿ ದಂಡಿಯಾಗಿದೆ. ಹುದ್ದೆ ಹಾಕಿದರೆ ಕನಿಷ್ಠ, ಗರಿಷ್ಠದ ಜೊತೆಗೆ ಎಷ್ಟು ಜನ ಹೇಳಿದ ಲೆಕ್ಕ ಎಂಬುದೂ ಕಾಣುತ್ತದೆ. ಮೊದಲು ನೋಡಬೇಕಾದದ್ದು ಈ ತಲೆ ಲೆಕ್ಕವನ್ನೇ. ಹತ್ತು ಹನ್ನೆರಡು ಜನರ ಸರಾಸರಿ ಹಿಡಿದುಕೊಂಡು ಮ್ಯಾನೇಜರ್ ಮುಂದೆ ಕೂತರೆ ನಿಮ್ಮ ಮಾತಿಗೆ ಬಲ ಇರುವುದಿಲ್ಲ. ಇನ್ನು ‘ಸೀನಿಯರ್ ಎಂಜಿನಿಯರ್’ ಎಂಬ ಪದನಾಮ ಒಂದು ಕಡೆ ಮೂರು ವರ್ಷಕ್ಕೇ ಸಿಗುತ್ತದೆ, ಇನ್ನೊಂದು ಕಡೆ ಏಳಾದರೂ ಸಿಗುವುದಿಲ್ಲ. ಹೋಲಿಸಬೇಕಾದದ್ದು ಅನುಭವ ಮತ್ತು ಕೆಲಸವನ್ನು, ಪದನಾಮವನ್ನಲ್ಲ.

ದೊಡ್ಡ ಎಡವಟ್ಟು ಸಿಟಿಸಿಯದು, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನದು. ಅಂಕಿ ತುಂಬಿದವರಲ್ಲಿ ಒಬ್ಬರು ಸಿಟಿಸಿ ಬರೆದಿರುತ್ತಾರೆ, ಇನ್ನೊಬ್ಬರು ಕೈಗೆ ಬರುವುದನ್ನು ಹನ್ನೆರಡರಿಂದ ಗುಣಿಸಿರುತ್ತಾರೆ. ಎರಡಕ್ಕೂ ಎಷ್ಟು ಅಂತರ ನೋಡಿ. ಸಿಟಿಸಿ 12 ಲಕ್ಷ, ಬೇಸಿಕ್ (ಮೂಲ ವೇತನ) ಅದರ ಅರ್ಧ ಅಂದುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಬೇಸಿಕ್‌ನ 12%, ಅಂದರೆ 72,000. ಗ್ರಾಚ್ಯುಟಿ ಬೇಸಿಕ್‌ನ 4.81%, 28,860. ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಸಿಟಿಸಿಯ 10%, 1,20,000. ಇವನ್ನು ಕಳೆದರೆ ತಿಂಗಳ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) 81,595. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಹೋಗಿ ಖಾತೆಗೆ ಬೀಳುವುದು 75,395. ‘ತಿಂಗಳಿಗೆ ಒಂದು ಲಕ್ಷ’ ಎಂಬುದು ಆಫರ್ ಲೆಟರ್‌ನ ಮಾತು ಅಷ್ಟೇ. ಕೆಲವು ಕಂಪನಿಗಳು ಪಿಎಫ್ ಅನ್ನು 15,000ದ ಮಿತಿಗೆ ಲೆಕ್ಕ ಹಾಕಿ ತಿಂಗಳಿಗೆ 1,800 ಮಾತ್ರ ಕಟ್ಟುತ್ತವೆ. ಅಲ್ಲಿ ಅದೇ ಸಿಟಿಸಿಗೆ ಕೈಗೆ ಹೆಚ್ಚು ಬರುತ್ತದೆ. ಈ ವ್ಯತ್ಯಾಸ ತಾಣದ ಸರಾಸರಿಯಲ್ಲಿ ಎಲ್ಲಿ ಕಾಣಬೇಕು?

ಪ್ರಾಡಕ್ಟ್ ಕಂಪನಿಯವರಿಗೆ (ತಮ್ಮದೇ ಸಾಫ್ಟ್‌ವೇರ್ ಮಾಡುವ ಕಂಪನಿ) ಲೆವೆಲ್ಸ್.ಎಫ್‌ವೈಐ ಎಂಬ ತಾಣ ವಾಸಿ. ಬೇಸ್, ಷೇರು, ಬೋನಸ್ ಬೇರೆ ಬೇರೆ ತೋರಿಸುತ್ತದೆ.

ಸ್ಕ್ರೀನ್‌ಶಾಟ್ ತೋರಿಸುವ ಅಭ್ಯಾಸ ಮಾತ್ರ ಬೇಡ. ‘ಯಾರೋ ತುಂಬಿದ್ದು’ ಅಂತ ಎಚ್‌ಆರ್ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತದೆ. ಎಷ್ಟು ಕೇಳಬೇಕು ಎಂದು ನೀವು ನಿಶ್ಚಯಿಸಿಕೊಳ್ಳುವುದಕ್ಕೆ ಆ ಅಂಕಿ. ಎದುರಿಗೆ ಇಡಬೇಕಾದದ್ದು ವರ್ಷದ ಕೆಲಸದ ಪಟ್ಟಿ, ಒಂದೇ ಪುಟ. ಮಾತು ಹೀಗಿರಲಿ: ‘ಸರ್, ಈ ವರ್ಷ ಎರಡು ರಿಲೀಸ್ ನಾನೇ ನಡೆಸಿದೆ. ನನ್ನ ಬ್ಯಾಂಡ್‌ನಲ್ಲಿ ನಾನು ಎಲ್ಲಿದ್ದೀನಿ? ಮಧ್ಯಕ್ಕೆ ತರೋಕೆ ಏನು ಮಾಡಬಹುದು?’ ಬ್ಯಾಂಡ್ ಅಂದರೆ ನಿಮ್ಮ ಹುದ್ದೆಗೆ ಕಂಪನಿ ಗೊತ್ತುಮಾಡಿದ ಕನಿಷ್ಠ, ಗರಿಷ್ಠ ಸಂಬಳ. ಅದರ ಮೇಲ್ತುದಿಯಲ್ಲೇ ಇದ್ದರೆ ಹೈಕ್‌ಗೆ ಜಾಗವಿಲ್ಲ, ಪ್ರಮೋಷನ್ ಕೇಳುವುದೇ ಸರಿ. ಏಪ್ರಿಲ್‌ನಲ್ಲಿ ಹೈಕ್ ಕೊಡುವ ಸೈಕಲ್ ಆದರೆ ಈ ಮಾತು ಡಿಸೆಂಬರ್, ಜನವರಿಯಲ್ಲೇ ಆಗಬೇಕು. ಲೆಟರ್ ಬರುವ ಹೊತ್ತಿಗೆ ಬಜೆಟ್ ಹಂಚಿ ಮುಗಿದಿರುತ್ತದೆ, ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ.

ಆಂಬಿಷನ್‌ಬಾಕ್ಸ್‌ಗೆ ಐದಕ್ಕೆ ಮೂರೂವರೆ, ಗ್ಲಾಸ್‌ಡೋರ್‌ಗೆ ಮೂರು. ಎರಡೂ ‘ಎಷ್ಟು’ ಅಂತ ಹೇಳುತ್ತವೆ, ‘ಯಾವ ರೂಪದಲ್ಲಿ’ ಅಂತ ಪೂರ್ತಿ ಹೇಳುವುದಿಲ್ಲ. ಮೇಲಿನ 12 ಲಕ್ಷಕ್ಕೆ 10% ಹೈಕ್ ಒಪ್ಪಿ, 1.2 ಲಕ್ಷವನ್ನೂ ವೇರಿಯಬಲ್‌ಗೇ ಸೇರಿಸಿಬಿಟ್ಟರೆ ತಿಂಗಳ ಪೇಸ್ಲಿಪ್‌ನಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಆದ್ದರಿಂದ ‘ಆಯ್ತು’ ಅನ್ನುವ ಮುಂಚೆ ಸಂಬಳದ ಯಾವ ಭಾಗ ಎಷ್ಟು ಎಂದು ತೋರಿಸುವ ಬ್ರೇಕಪ್ ಶೀಟ್ ತರಿಸಿಕೊಳ್ಳಿ. ಏಪ್ರಿಲ್‌ನಿಂದ ಜಾರಿ ಎಂದು ಬರೆದ ಲೆಟರ್ ಜೂನ್‌ನಲ್ಲಿ ಕೈಗೆ ಬಂದರೆ, ಅರಿಯರ್ಸ್ (ಹಿಂದಿನ ತಿಂಗಳುಗಳ ಬಾಕಿ) ಯಾವ ತಿಂಗಳ ಸಂಬಳದಲ್ಲಿ ಸೇರುತ್ತದೆ ಎಂಬುದನ್ನೂ ಮೇಲ್‌ನಲ್ಲೇ ಕೇಳಿ.