ಕೋಲು ಹಿಡಿದ ಮೂವರಲ್ಲಿ ನನಗೆ ಕಿಲಿಕ್ಕೇ ಯಾಕೆ ಇಷ್ಟ

ಈ ಮಳೆಗಾಲ ಬದಿಯಡ್ಕದ ಮನೆಯಲ್ಲಿ ಭಾವನ ಎದುರು ಕೂತು ಹೊಡೆದಾಟದ ವಿಡಿಯೋ ಗೇಮ್‌ಗಳಲ್ಲಿ ಕೋಲು ಹಿಡಿದ ಪಾತ್ರಗಳನ್ನೇ ಆಡಿದೆ. ‘ಸೋಲ್‌ಕ್ಯಾಲಿಬರ್ 6’ರ ಕಿಲಿಕ್, ‘ಮಾರ್ಟಲ್ ಕಾಂಬ್ಯಾಟ್ 11’ರ ಜೇಡ್, ‘ಸ್ಟ್ರೀಟ್ ಫೈಟರ್ 5’ರ ಫಾಲ್ಕೆ. ಕೋಲಿನ ಆಟವೇ ಬೇಕು ಅನ್ನುವವರು ಕಿಲಿಕ್‌ನನ್ನು ಹಿಡಿಯಿರಿ.

ಫಾಲ್ಕೆಯ ಕೈಯಲ್ಲಿ ಕೋಲಿದೆ, ಕೆಲಸ ಮಾತ್ರ ಬಂದೂಕಿನದ್ದು. ಪಂಚ್ ಬಟನ್ ಒತ್ತಿ ಹಿಡಿದು ಬಿಟ್ಟರೆ ಕೋಲಿನಿಂದ ಗುಂಡು ಹಾರುತ್ತದೆ. ಒಂದು ಬೆರಳು ಸದಾ ಒತ್ತಿಕೊಂಡೇ ಇರಬೇಕು, ಬಾಕಿ ಆಟವೆಲ್ಲ ಉಳಿದ ಬೆರಳುಗಳಲ್ಲಿ. ನನಗೆ ಒಗ್ಗಲಿಲ್ಲ.

ಜೇಡ್ ಚೆನ್ನಾಗಿದ್ದಾಳೆ. 1993ರ ‘ಮಾರ್ಟಲ್ ಕಾಂಬ್ಯಾಟ್ 2’ರಲ್ಲಿ ಅಡಗಿಸಿಟ್ಟ ಎದುರಾಳಿಯಾಗಿ ಬಂದ ಪಾತ್ರ ಅವಳು. ದೂರದಿಂದ ಕೋಲಲ್ಲಿ ಹೊಡೆಯುತ್ತಾಳೆ, ಇನ್ನೂ ದೂರ ಹೋದರೆ ಮೂರು ಅಲಗಿನ ಬೂಮರಾಂಗ್ ಎಸೆಯುತ್ತಾಳೆ. ಕಲಿಯೋದು ಸುಲಭ, ಮೊದಲ ದಿನವೇ ಗೆದ್ದೆ. ಆದರೆ ಅಲ್ಲಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ. ಪಕ್ಕಕ್ಕೆ ಸರಿಯುವ ಮಾತೇ ಇಲ್ಲ, ಹಾಗಾಗಿ ಕೋಲನ್ನು ಅಡ್ಡ ಬೀಸಿದರೂ ಮೇಲಿಂದ ಇಳಿಸಿದರೂ ದೊಡ್ಡ ವ್ಯತ್ಯಾಸ ಆಗೋದಿಲ್ಲ.

ಕಿಲಿಕ್‌ನಲ್ಲಿ ಇದೇ ಎಲ್ಲ. 1998ರ ಮೊದಲ ಸೋಲ್‌ಕ್ಯಾಲಿಬರ್‌ನಿಂದಲೂ ಅವನಿದ್ದಾನೆ, ಕೋಲಿನ ಹೆಸರು ಕಲಿಯುಗ. ಪ್ಲೇಸ್ಟೇಷನ್‌ನಲ್ಲಿ ಚೌಕ ಒತ್ತಿದರೆ ಅಡ್ಡ ಬೀಸು, ತ್ರಿಕೋನ ಒತ್ತಿದರೆ ಮೇಲಿಂದ ಕೆಳಗೆ. ಎದುರಿನವನು ಎಂಟು ದಿಕ್ಕಿಗೂ ಓಡಬಹುದು. ಭಾವ ಆಡೋದು ತಾಕಿ, ಎರಡು ಗಿಡ್ಡ ಕತ್ತಿಯವಳು. ನಾನು ತ್ರಿಕೋನ ಒತ್ತಿದ ಕೂಡಲೇ ಅವಳನ್ನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸುತ್ತಾನೆ, ಕೋಲು ಖಾಲಿ ನೆಲಕ್ಕೆ ಬೀಳುತ್ತದೆ, ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅವಳು ಎದೆಗೇ ಬಂದಿರುತ್ತಾಳೆ. ಹಾಗೆ ಎಷ್ಟು ಸಲ ಸೋತೆನೋ! ತೋಟದಲ್ಲಿ ದೋಟಿ ಹಿಡಿದವರಿಗೆ ಇದು ಗೊತ್ತು. ಗಿಡ್ಡ ಮರಕ್ಕೆ ಉದ್ದ ದೋಟಿ ತಂದರೆ ನಾವೇ ಹಿಂದೆ ಹಿಂದೆ ಹೋಗಬೇಕು, ಇಲ್ಲದಿದ್ದರೆ ತುದಿಯ ಕತ್ತಿ ಗೊನೆಗೆ ಸಿಗೋದೇ ಇಲ್ಲ. ಕಿಲಿಕ್‌ನ ಬಲವೂ ಹಾಗೇ, ದೂರ ಕಾಯ್ದುಕೊಂಡರೆ ಮಾತ್ರ. ಅದು ತಲೆಗೆ ಹೋದ ಮೇಲೆ ತಾಕಿ ಸರಿಯುವ ಹೊತ್ತಿಗೇ ಚೌಕ ಒತ್ತತೊಡಗಿದೆ. ಕೋಲಿನ ತುದಿ ಅವಳ ಪಕ್ಕೆಗೆ ತಾಗುತ್ತಿತ್ತು. ಅಂಚಿನಲ್ಲಿ ನಿಂತಿದ್ದರಂತೂ ಕಣದಿಂದಲೇ ಆಚೆ. ಆ ಖುಷಿ ಉಳಿದ ಎರಡು ಗೇಮ್‌ನಲ್ಲೂ ಸಿಗಲಿಲ್ಲ.

ಅವಸರ ಇದ್ದರೆ, ದಿನಕ್ಕೆ ಅರ್ಧ ಗಂಟೆ ಅಷ್ಟೇ ಆಡುವವರಾದರೆ, ಜೇಡ್ ಸಾಕು. ಕಿಲಿಕ್ ಬೇಕೆಂದರೆ ಮೊದಲ ವಾರ ಕಾಂಬೊ, ಅಂದರೆ ಒಂದರ ಹಿಂದೊಂದು ಹೊಡೆತದ ಸರಣಿ, ಮುಟ್ಟಬೇಡಿ. ಟ್ರೈನಿಂಗ್ ಮೋಡ್‌ನಲ್ಲಿ ಎದುರಿನವನನ್ನು ಸುಮ್ನೆ ನಿಲ್ಲಿಸಿ, ಕೋಲಿನ ತುದಿ ಎಷ್ಟು ದೂರದಿಂದ ತಾಗುತ್ತದೆ ಅಂತ ನೋಡಿಕೊಳ್ಳಿ.