ಹೊರಾಂಗಣದ ಕಾವಲು ದೀಪಗಳಿಗೆ ಎಲ್‌ಇಡಿ: ಕೆಲವು ವರ್ಷಗಳ ಬಳಕೆಯ ನಂತರ

ನಾನು ನೋಡಿಕೊಳ್ಳುವ ಕಟ್ಟಡದ ಸುತ್ತಲಿದ್ದ ಹಳೆಯ ಕಾವಲು ದೀಪಗಳನ್ನು ತೆಗೆಸಿ ಎಲ್‌ಇಡಿ ಫ್ಲಡ್‌ಲೈಟ್‌ಗಳನ್ನು ಹಾಕಿಸಿ ಈಗ ಕೆಲವು ವರ್ಷಗಳಾಗಿವೆ. ಹಾಕಿಸಿದ ವಾರದಲ್ಲೇ ಬರೆಯುವ ವಿಮರ್ಶೆಯಲ್ಲಿ ಬೆಳಕಿನ ವಿಷಯ ಇರುತ್ತದೆ, ಬಾಳಿಕೆಯ ವಿಷಯ ಇರಲು ಸಾಧ್ಯವಿಲ್ಲ. ಈ ದೀಪಗಳು ಮಳೆ, ಬಿಸಿಲು, ಧೂಳು, ವೋಲ್ಟೇಜಿನ ಏರಿಳಿತ ಎಲ್ಲವನ್ನೂ ಕಂಡಿವೆ. ವಿದ್ಯುತ್ತಿನ ಉಳಿತಾಯದ ಬಗ್ಗೆ ನನಗೆ ಯಾವ ಸಂದೇಹವೂ ಉಳಿದಿಲ್ಲ. ಆದರೆ ದೀಪ ಎಷ್ಟು ಕಾಲ ಬಾಳುತ್ತದೆ, ಕಾವಲಿಗೆ ಎಷ್ಟು ಒದಗುತ್ತದೆ ಎಂಬುದು ಪೆಟ್ಟಿಗೆಯ ಮೇಲಿನ ವ್ಯಾಟ್‌ಗಿಂತ ಒಳಗಿನ ಡ್ರೈವರನ್ನೂ (ಎಲ್‌ಇಡಿಗೆ ತಕ್ಕಂತೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗ) ಬೆಳಕು ಬೀಳುವ ದಿಕ್ಕನ್ನೂ ಹೆಚ್ಚು ಅವಲಂಬಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮುಂಭಾಗದಲ್ಲಿಯೂ ಹಿಂಭಾಗದಲ್ಲಿಯೂ 500 ವ್ಯಾಟ್‌ನ ಹ್ಯಾಲೊಜೆನ್ ದೀಪಗಳು, ವಾಹನ ನಿಲ್ಲಿಸುವ ಜಾಗದಲ್ಲಿ 150 ವ್ಯಾಟ್‌ನ ಮೆಟಲ್ ಹ್ಯಾಲೈಡ್, ಗೇಟಿನ ಬಳಿ 70 ವ್ಯಾಟ್‌ನ ಸೋಡಿಯಂ ದೀಪ ಇದ್ದವು. 500 ವ್ಯಾಟ್‌ನ ಒಂದು ಹ್ಯಾಲೊಜೆನ್ ರಾತ್ರಿ 12 ಗಂಟೆ ಉರಿದರೆ 6 ಯೂನಿಟ್, ವರ್ಷಕ್ಕೆ ಸುಮಾರು 2,190 ಯೂನಿಟ್ ಬೇಕಾಗುತ್ತದೆ. ಅದೇ ಜಾಗದಲ್ಲಿ 50 ವ್ಯಾಟ್‌ನ ಎಲ್‌ಇಡಿಗೆ 219 ಯೂನಿಟ್ ಸಾಕು. ಹ್ಯಾಲೊಜೆನ್ ಕೊಳವೆಗಳ ಆಯುಸ್ಸು ಸಾಮಾನ್ಯವಾಗಿ 2,000 ಗಂಟೆಯ ಆಸುಪಾಸಿನಲ್ಲಿರುವುದರಿಂದ, ರಾತ್ರಿಯಿಡೀ ಉರಿಯುವ ಜಾಗದಲ್ಲಿ ವರ್ಷಕ್ಕೆ ಎರಡು ಬಾರಿಯಾದರೂ ಏಣಿ ಹತ್ತಬೇಕಾಗುತ್ತಿತ್ತು. ಸೋಡಿಯಂ ದೀಪದ ಲೆಕ್ಕವೇ ಬೇರೆ. ಅದು ಮೊದಲೇ ಮಿತವ್ಯಯದ ದೀಪ; ಚೋಕ್ ತಿನ್ನುವ ವಿದ್ಯುತ್ತನ್ನು ಸೇರಿಸಿದರೂ 85 ವ್ಯಾಟ್ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಸೋಡಿಯಂ ದೀಪವನ್ನು ಬದಲಿಸುವವರು ಹ್ಯಾಲೊಜೆನ್ ಬದಲಿಸಿದವರಷ್ಟು ಉಳಿತಾಯವನ್ನು ನಿರೀಕ್ಷಿಸಬಾರದು.

ಗೇಟಿನ ದೀಪವನ್ನು ನಾನು ಬದಲಿಸಿದ್ದು ಬಣ್ಣದ ಕಾರಣಕ್ಕೆ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೀಲಿ ಅಂಗಿಯೂ ಕಂದು ಅಂಗಿಯೂ ಒಂದೇ ಬಗೆಯ ಮಾಸಲು ಬಣ್ಣವಾಗಿ ಕಾಣುತ್ತವೆ. ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣವನ್ನು ಅಳೆಯುವ ಸಿಆರ್‌ಐ ಸೂಚ್ಯಂಕ ಆ ದೀಪಗಳಲ್ಲಿ 25ರ ಆಸುಪಾಸಿನಲ್ಲಿದ್ದರೆ, ಸಾಧಾರಣ ಎಲ್‌ಇಡಿಯಲ್ಲಿಯೂ 70ಕ್ಕಿಂತ ಹೆಚ್ಚಿರುತ್ತದೆ. ಗೇಟಿನ ಕ್ಯಾಮೆರಾದಲ್ಲಿ ದಾಖಲಾಗುವ ವಾಹನ ಬಿಳಿಯದೋ ಬೂದು ಬಣ್ಣದ್ದೋ ಎಂದು ಈಗ ಖಚಿತವಾಗಿ ಹೇಳಬಹುದು. ಕಾವಲಿನ ದೃಷ್ಟಿಯಿಂದ ಇದು ಉಳಿತಾಯದಷ್ಟೇ ಮುಖ್ಯವಾದ ಲಾಭ.

ಇನ್ನೊಂದು ಲಾಭದ ಕುರಿತು ಜನ ಕಡಿಮೆ ಮಾತನಾಡುತ್ತಾರೆ. ಮೆಟಲ್ ಹ್ಯಾಲೈಡ್ ಉರಿಯುತ್ತಿರುವಾಗ ಕರೆಂಟ್ ಕ್ಷಣಮಾತ್ರ ಹೋಗಿ ಬಂದರೂ ದೀಪ ಆರುತ್ತದೆ, ಕೂಡಲೇ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಬಿಸಿಯಾದ ಕೊಳವೆಯೊಳಗಿನ ಅನಿಲದ ಒತ್ತಡ ಅಷ್ಟು ಹೆಚ್ಚಿರುವುದರಿಂದ ಸಾಮಾನ್ಯ ಇಗ್ನಿಟರ್‌ಗೆ ಅದನ್ನು ಪುನಃ ಹೊತ್ತಿಸಲಾಗುವುದಿಲ್ಲ. ಕೊಳವೆ ತಣಿಯಲು 10ರಿಂದ 15 ನಿಮಿಷ ಬೇಕಾಗುತ್ತದೆ. ಅಲ್ಲಿಯವರೆಗೂ ವಾಹನ ನಿಲ್ಲಿಸುವ ಜಾಗ ಪೂರ್ತಿ ಕತ್ತಲೆಯಲ್ಲಿರುತ್ತಿತ್ತು. ಅತ್ಯಂತ ಅಗತ್ಯವಾದ ಹೊತ್ತಿನಲ್ಲಿ ಕೈಕೊಡುವ ದೀಪವನ್ನು ಕಾವಲು ದೀಪವೆಂದು ಕರೆಯುವುದು ಹೇಗೆ? ಎಲ್‌ಇಡಿಯಲ್ಲಿ ಈ ತೊಂದರೆ ಇಲ್ಲ. ವಿದ್ಯುತ್ ಬಂದೊಡನೆ ಪೂರ್ಣ ಬೆಳಕು ಬರುತ್ತದೆ.

ಪೆಟ್ಟಿಗೆಗಳ ಮೇಲೆ ‘50 ವ್ಯಾಟ್, 500 ವ್ಯಾಟ್‌ಗೆ ಸಮ’ ಎಂದು ಮುದ್ರಿಸಿರುವುದನ್ನು ಹಾಗೆಯೇ ನಂಬಬೇಕಾಗಿಲ್ಲ. 500 ವ್ಯಾಟ್‌ನ ಹ್ಯಾಲೊಜೆನ್ ಒಂಬತ್ತು ಸಾವಿರಕ್ಕೂ ಹೆಚ್ಚು ಲ್ಯೂಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಬೆಳಕು ಕೊಡುತ್ತದೆ. ಪ್ರತಿ ವ್ಯಾಟ್‌ಗೆ 100 ಲ್ಯೂಮೆನ್ ಕೊಡುವ 50 ವ್ಯಾಟ್‌ನ ಎಲ್‌ಇಡಿಯಿಂದ ಸಿಗುವುದು ಐದು ಸಾವಿರ. ಆದರೂ ನಮ್ಮಲ್ಲಿ ಅದು ಸಾಕಾಯಿತು, ಏಕೆಂದರೆ ಹಳೆಯ ದೀಪದ ಬೆಳಕಿನ ದೊಡ್ಡ ಪಾಲು ಆಕಾಶಕ್ಕೂ ಮೇಲಿನ ಗೋಡೆಗೂ ಹೋಗುತ್ತಿತ್ತು. ಕೊಳ್ಳುವಾಗ ವ್ಯಾಟ್ ನೋಡುವ ಮೊದಲು ಲ್ಯೂಮೆನ್ ನೋಡಬೇಕು. ಲ್ಯೂಮೆನ್ ನಮೂದಿಸದ ದೀಪವನ್ನು ಕೊಳ್ಳದಿರುವುದೇ ಲೇಸು.

ಎಲ್ಲ ದೀಪಗಳನ್ನೂ ನೆಲದ ಕಡೆಗೆ, ಕಟ್ಟಡದಿಂದ ಹೊರಮುಖವಾಗಿ ಓರೆಯಾಗಿರದಂತೆ ಕೂರಿಸಲು ಎಲೆಕ್ಟ್ರಿಷಿಯನ್ ಅವರನ್ನು ಒತ್ತಾಯಿಸಿದ್ದೆ. ಎಲ್‌ಇಡಿಯ ಚಿಕ್ಕ ಮೈಯಿಂದ ಹೊಮ್ಮುವ ಬೆಳಕು ನೇರವಾಗಿ ಕಣ್ಣಿಗೆ ಬಿದ್ದರೆ ಹ್ಯಾಲೊಜೆನ್‌ಗಿಂತ ಹೆಚ್ಚು ಕುಕ್ಕುತ್ತದೆ. ಕುಕ್ಕಿದ ಕಣ್ಣಿಗೆ ದೀಪದ ಪಕ್ಕದಲ್ಲಿ ನಿಂತ ಮನುಷ್ಯನೂ ಕಾಣುವುದಿಲ್ಲ. ಒಂದೇ ಪ್ರಖರ ದೀಪದ ಗಾಢ ನೆರಳುಗಳಿಗಿಂತ, ದೂರ ದೂರ ಇರಿಸಿದ ಸಣ್ಣ ದೀಪಗಳ ಸಮನಾದ ಬೆಳಕಿನಲ್ಲಿ ಮನುಷ್ಯರ ಚಲನೆ ಸ್ಪಷ್ಟವಾಗಿ ಗೋಚರಿಸುತ್ತದೆ. ಹೀಗಾಗಿ ಹಿಂಭಾಗದಲ್ಲಿ 50 ವ್ಯಾಟ್‌ನ ಒಂದನ್ನು ಹಾಕುವ ಬದಲು 20 ವ್ಯಾಟ್‌ನ ಎರಡನ್ನು ಹಾಕಿಸಿದೆ. ನೆರೆಯವರ ಮಲಗುವ ಕೋಣೆಗೆ ಬೆಳಕು ನುಗ್ಗುವ ತಕರಾರೂ ಅದರಿಂದ ನಿಂತಿತು.

ಬೆಳಕಿನ ಬಣ್ಣಕ್ಕೆ ಸಂಬಂಧಿಸಿದಂತೆ ನನ್ನ ಆಯ್ಕೆ 3000 ಕೆಲ್ವಿನ್; ಈ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಯತ್ತ, ಹೆಚ್ಚಾದಷ್ಟೂ ನೀಲಿಯತ್ತ ವಾಲುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 6500 ಕೆಲ್ವಿನ್‌ನ ತೀಕ್ಷ್ಣ ಬಿಳಿ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು, ಕೀಟಗಳನ್ನು ಸೆಳೆಯುವುದೂ ಮುಖ್ಯವಾಗಿ ಅದೇ. ಕೀಟಗಳ ಹಿಂದೆ ಜೇಡಗಳು ಬರುತ್ತವೆ, ಜೇಡರ ಬಲೆ ಕ್ಯಾಮೆರಾದ ಮುಂದೆ ತೂಗಾಡುತ್ತದೆ. ರಾತ್ರಿಯ ಆಕಾಶದ ಕತ್ತಲನ್ನು ಉಳಿಸಲು ದುಡಿಯುತ್ತಿರುವ ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್ ಸಂಸ್ಥೆಯೂ ಹೊರಾಂಗಣಕ್ಕೆ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯದನ್ನೇ ಶಿಫಾರಸು ಮಾಡುತ್ತದೆ.

ಇನ್ನು ಕೆಟ್ಟುಹೋದವುಗಳ ವಿಷಯ. ಈ ಅವಧಿಯಲ್ಲಿ ಕೈಕೊಟ್ಟ ದೀಪಗಳಲ್ಲಿ ಎಲ್‌ಇಡಿ ಚಿಪ್ ತಾನಾಗಿ ಸುಟ್ಟದ್ದನ್ನು ನಾನು ಕಾಣಲಿಲ್ಲ, ಹೋದದ್ದೆಲ್ಲ ಡ್ರೈವರ್. ‘50,000 ಗಂಟೆ’ ಎಂಬ ಘೋಷಣೆ ಸಾಮಾನ್ಯವಾಗಿ ಚಿಪ್‌ಗೆ ಸಂಬಂಧಿಸಿದ್ದು, ಅದೂ ಬೆಳಕು ಮೊದಲಿನ ಶೇ 70ಕ್ಕೆ ಇಳಿಯುವವರೆಗಿನ ಲೆಕ್ಕ. ಡ್ರೈವರಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ಅಷ್ಟು ತಾಳಿಕೆ ಇಲ್ಲ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕಾಚಾರ. ಹಗಲಿಡೀ ಬಿಸಿಲಿಗೆ ಕಾಯುವ ಗೋಡೆಯ ದೀಪವೇ ಮೊದಲು ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಡ್ರೈವರ್ ಪ್ರತ್ಯೇಕವಾಗಿದ್ದ ಫಿಟ್ಟಿಂಗ್‌ಗಳಲ್ಲಿ ಅದನ್ನು ಮಾತ್ರ ಬದಲಿಸಿ ದೀಪವನ್ನು ಉಳಿಸಿಕೊಂಡೆವು. ಆದರೆ ಅಗ್ಗದ ಮಾದರಿಗಳಲ್ಲಿ ಚಿಪ್‌ಗಳೂ ಡ್ರೈವರಿನ ಭಾಗಗಳೂ ಒಂದೇ ಹಲಗೆಯ ಮೇಲಿರುತ್ತವೆ. ಅವುಗಳಲ್ಲಿ ಒಂದು ಭಾಗ ಕೆಟ್ಟರೂ ಇಡೀ ದೀಪ ಕಸವಾಗುತ್ತದೆ. ಇಂತಹ ಹಲವು ದೀಪಗಳು ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ಸೆಕೆಂಡಿಗೆ 100 ಅಥವಾ 120 ಬಾರಿ ಮಿಣುಕುವುದರಿಂದ ಕ್ಯಾಮೆರಾದ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಓಡುವುದೂ ಉಂಟು. ಡ್ರೈವರ್ ಬೇರೆಯಾಗಿರುವ, ಮಿಂಚು ಮತ್ತು ವೋಲ್ಟೇಜ್ ಜಿಗಿತ ತಡೆಯುವ ಸರ್ಜ್ ರಕ್ಷಣೆ ಇರುವ ದೀಪಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ನೀರಿನ ವಿಷಯದಲ್ಲಿ, ಧೂಳೂ ಎರಚುವ ನೀರೂ ಒಳನುಗ್ಗವು ಎಂದು ಸೂಚಿಸುವ ಐಪಿ 65 ಎಂಬ ಗುರುತು ಇರುವುದು ಅಗತ್ಯ, ಆದರೆ ಅದೊಂದೇ ಸಾಲದು. ಗಾಜಿನ ಸುತ್ತಲಿನ ಗ್ಯಾಸ್ಕೆಟ್ ಚೆನ್ನಾಗಿದ್ದರೂ ವೈರ್ ಒಳಹೋಗುವ ಗ್ಲ್ಯಾಂಡ್ ಸಡಿಲವಾಗಿದ್ದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ವೈರ್ ದೀಪವನ್ನು ಸೇರುವ ಮುನ್ನ ಕೆಳಕ್ಕೆ ಒಂದು ಬಾಗು ಬಿಟ್ಟರೆ ಮಳೆನೀರು ಆ ಬಾಗಿನಿಂದಲೇ ತೊಟ್ಟಿಕ್ಕಿಹೋಗುತ್ತದೆ.

ಹಿಂಭಾಗದ ದೀಪಗಳಿಗೆ ಮೈಯಿಂದ ಹೊಮ್ಮುವ ಶಾಖದ ಮೂಲಕ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಹಾಕಿಸಿದ್ದೇನೆ. ದೀಪ ತಕ್ಷಣ ಹೊತ್ತುವುದರಿಂದ ಎಲ್‌ಇಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಈ ಸೆನ್ಸರ್ ಎದುರಿಗೆ ನೇರವಾಗಿ ನಡೆದು ಬರುವವರಿಗಿಂತ ಅಡ್ಡಲಾಗಿ ಹಾದುಹೋಗುವವರನ್ನು ಬೇಗ ಗುರುತಿಸುತ್ತದೆ, ಆದ್ದರಿಂದ ಅದನ್ನು ದಾರಿಗೆ ಅಡ್ಡಲಾಗಿ ಮುಖಮಾಡಿಸಬೇಕು. ಬೇಸಿಗೆಯ ರಾತ್ರಿಗಳಲ್ಲಿ ಸುತ್ತಲಿನ ಬಿಸಿ ಮೈಬಿಸಿಗೆ ಹತ್ತಿರವಾದಾಗ ಅದರ ಸೂಕ್ಷ್ಮತೆ ಕುಗ್ಗುತ್ತದೆ. ನ್ಯೂಟ್ರಲ್ ಬೇಡದ ಎರಡು ವೈರಿನ ಹಳೆಯ ಸೆನ್ಸರನ್ನೇ ಉಳಿಸಿಕೊಂಡರೆ, ಅದರ ಮೂಲಕ ಸೋರುವ ಅಲ್ಪ ವಿದ್ಯುತ್ತಿನಿಂದ ದೀಪ ಆರಿಸಿದ ಮೇಲೂ ಮಂದವಾಗಿ ಹೊಳೆಯುವುದು ಅಥವಾ ಮಿಣುಕುವುದು ಸಾಧ್ಯ. ಎಲ್‌ಇಡಿಗೆ ತಕ್ಕುದೆಂದು ಸ್ಪಷ್ಟವಾಗಿ ನಮೂದಿಸಿರುವ ಸೆನ್ಸರನ್ನೇ ಕೊಳ್ಳಬೇಕು.

ಹಳೆಯ ಫಿಟ್ಟಿಂಗ್ ಉಳಿಸಿಕೊಂಡು ಅದರೊಳಗೆ ಎಲ್‌ಇಡಿ ಬಲ್ಬ್ ತಿರುಗಿಸಿ ಹಾಕುವ ವಿಧಾನವನ್ನು ನಾನು ಶಿಫಾರಸು ಮಾಡಲಾರೆ. ಮುಚ್ಚಿದ ಡಬ್ಬಿಯೊಳಗೆ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ, ಹಳೆಯ ಪ್ರತಿಫಲಕ ಹೊಸ ಬಲ್ಬಿನ ಬೆಳಕನ್ನು ಬೇಕಾದೆಡೆಗೆ ಕಳುಹಿಸುವುದಿಲ್ಲ, ಚೋಕ್ ಮತ್ತು ಇಗ್ನಿಟರನ್ನು ಸರ್ಕ್ಯೂಟಿನಿಂದ ತಪ್ಪಿಸದಿದ್ದರೆ ಬಹುಪಾಲು ಬಲ್ಬ್‌ಗಳು ಕೆಡುತ್ತವೆ. ಬದಲಿಸುವಾಗ ತೆಗೆದ ಮೆಟಲ್ ಹ್ಯಾಲೈಡ್ ಮತ್ತು ಸೋಡಿಯಂ ಕೊಳವೆಗಳಲ್ಲಿ ಸಾಮಾನ್ಯವಾಗಿ ಪಾದರಸ ಇರುವುದರಿಂದ ಅವುಗಳನ್ನು ಒಡೆಯದೆ, ಮನೆಯ ಕಸದೊಂದಿಗೆ ಬೆರೆಸದೆ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.